ಅಣ್ಣ ಹೇಳಬೇಕೆಂದಿದ್ದ ಮಾತು

ನಮ್ಮಣ್ಣ ಮುಳಬಾಗಿಲಿನಲ್ಲಿ ಪೌರೋಹಿತ್ಯ ಮಾಡಿಕೊಂಡಿದ್ದ. ಮೈಕಿಲ್ಲದೆ ಮಂತ್ರ ಹೇಳಿದರೂ ಛತ್ರದ ಅಡುಗೆಮನೆಯವರೆಗೆ ಕೇಳಿಸುತ್ತಿತ್ತು. ಗಂಟಲಲ್ಲಿ ಗೆಡ್ಡೆಯಾಗಿ, ಆಪರೇಷನ್‌ನಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆದುಬಿಟ್ಟರು.

ಮಾಲೂರಿಗೆ ಕೊಟ್ಟಿದ್ದ ನಮ್ಮ ತಂಗಿಗೆ ದಿನಾ ಬೆಳಿಗ್ಗೆ ಪೂಜೆ ಮುಗಿಸಿ ಫೋನ್ ಮಾಡುವುದು ಅವನ ರೂಢಿ. ಅದು ನಿಂತುಹೋಯಿತು. ಅವಳೇ ಮಾಡಿದರೆ ರಿಸೀವರ್ ಕಿವಿಗಿಟ್ಟುಕೊಂಡು ಸುಮ್ಮನೆ ಕೇಳುತ್ತಿದ್ದ. ಒಂದು ದಿನ ಉತ್ತರವಾಗಿ ರಿಸೀವರನ್ನು ಬೆರಳಿಂದ ತಟ್ಟಿದ. ಆ ಕಡೆ ಅವಳು ಅತ್ತುಬಿಟ್ಟಳು.

ಅವಳ ಮನೆಯಲ್ಲಿ ಕಂಪ್ಯೂಟರ್ ಇತ್ತು. ಇಬ್ಬರೂ ಬರೆದು ಮಾತಾಡಲಿ ಎಂದು ನಾನೂ ಒಂದು ತಂದು ಅಣ್ಣನ ಮಂಚದ ಪಕ್ಕ ಇಟ್ಟು, ಇಂಟರ್ನೆಟ್ ಹಾಕಿಸಿದೆ. ಫೋನ್ ಲೈನ್ ನಡುಮನೆಗೆ ಬರುತ್ತಿದ್ದುದರಿಂದ ಮೋಡೆಮ್ ಅಲ್ಲೇ ಕೂತಿತು. ಅಣ್ಣನ ಕೋಣೆ ಹಿಂದೆ. ಮಧ್ಯೆ ದೇವರಮನೆ, ಅದರ ದಪ್ಪ ಕಲ್ಲಿನ ಗೋಡೆ. ವೈರ್‌ಲೆಸ್ ತಾನೆ, ತಲುಪುತ್ತೆ ಅಂದುಕೊಂಡೆ.

ಒಂದೊಂದು ಸಲ ತಲುಪುತ್ತಿತ್ತು. ಅಣ್ಣ ಒಂದೇ ಬೆರಳಲ್ಲಿ ತಂಗಿಗೆ ‘ಊಟ ಆಯ್ತಾ ಪಾಪಾ’ ಎಂದು ಒತ್ತುವಷ್ಟರಲ್ಲಿ ಕಟ್ಟಾಗುತ್ತಿತ್ತು. ಚಪ್ಪಾಳೆ ತಟ್ಟಿ ನನ್ನನ್ನು ಕರೆಯುತ್ತಿದ್ದ. ಮೋಡೆಮ್ ಆರಿಸಿ ಹಾಕಿದೆ, ಸ್ಟೂಲ್ ಮೇಲಿಟ್ಟೆ, ಆಂಟೆನಾ ತಿರುಗಿಸಿದೆ, ಕಬ್ಬಿಣದ ಬೀರು ಸರಿಸಿದೆ. ಕೊನೆಗೆ ಕಂಪ್ಯೂಟರನ್ನೇ ನಡುಮನೆಗೆ ಹೊತ್ತು ತಂದು ನೋಡಿದರೆ, ಒಂದು ಸಲವೂ ಕಟ್ಟಾಗಲಿಲ್ಲ. ಗೋಡೆಯದೇ ತೊಂದರೆ. ತೂತು ಹೊಡೆದು ಕೇಬಲ್ ಎಳೆಯಬೇಕಿತ್ತು.

“ದೇವರಮನೆ ಗೋಡೆಗೆ ತೂತಾ?” ಅಂದರು ಅತ್ತಿಗೆ.

ಅಣ್ಣ ಸ್ಲೇಟಿನ ಮೇಲೆ ಬರೆದ: ‘ದೇವರು ಬೇಡ ಅನ್ನಲ್ಲ. ಹೊಡೆಸು.’

“ಭಾನುವಾರ ಮಾಡಿಸ್ತೀನಣ್ಣ” ಅಂದೆ. ಆ ಭಾನುವಾರ ಶ್ರೀನಿವಾಸಪುರದಲ್ಲಿ ಮದುವೆಯಿತ್ತು. ಮುಂದಿನ ಭಾನುವಾರ ಸೋಮಾರಿತನ.

ಗುರುವಾರ ಬೆಳಿಗ್ಗೆ ನಾನು ಆಫೀಸಿಗೆ ಹೊರಟಿದ್ದೆ. ಹಿಂದಿನ ಕೋಣೆಯಿಂದ ಚಪ್ಪಾಳೆ ಕೇಳಿಸಿತು. ಮೋಡೆಮ್ ಆರಿಸಿ ಹಾಕಿ, “ಬರುತ್ತೆ, ಸ್ವಲ್ಪ ತಡಿ” ಎಂದು ಕೂಗಿ, ಚಪ್ಪಲಿ ಮೆಟ್ಟಿ ಹೋದೆ. ಮುಖ ಕೂಡ ನೋಡಲಿಲ್ಲ. ಮಧ್ಯಾಹ್ನ ಆಫೀಸಿಗೆ ಫೋನ್ ಬಂತು. ಉಸಿರು ಕಟ್ಟಿದೆಯೆಂದು ಕೋಲಾರಕ್ಕೆ ಕರೆದೊಯ್ಯುವಾಗ ದಾರಿಯಲ್ಲೇ ಅಣ್ಣ ಹೋಗಿಬಿಟ್ಟಿದ್ದ.

ಕರ್ಮಗಳೆಲ್ಲ ಮುಗಿದ ಮೇಲೆ ತಂಗಿ ಆ ಕೋಣೆಗೆ ಬಂದು ನನ್ನ ಪಕ್ಕ ಕೂತಳು.

“ಚಿಕ್ಕಣ್ಣ, ಅವತ್ತು ಬೆಳಿಗ್ಗೆ ‘ಪಾಪಾ, ನಿನಗೊಂದು ಮಾತು ಹೇಳ್ಬೇಕು’ ಅಂತ ಬಂತು. ಆಮೇಲೆ ಏನೂ ಬರಲಿಲ್ಲ. ಏನು ಹೇಳ್ಬೇಕಿತ್ತು ಅವನಿಗೆ?”

ಕಂಪ್ಯೂಟರ್ ಹಾಕಿ ಹುಡುಕಿದೆ. ಏನೂ ಉಳಿದಿರಲಿಲ್ಲ. ಅತ್ತಿಗೆಯನ್ನು ಕೇಳಿದೆ, ಅವರಿಗೂ ಗೊತ್ತಿರಲಿಲ್ಲ. ಗೋಡೆಯ ವಿಷಯ, ಎರಡು ಭಾನುವಾರದ ವಿಷಯ, ಎಲ್ಲ ತಂಗಿಗೆ ಹೇಳಿಬಿಟ್ಟೆ. ಬೈಯುತ್ತಾಳೆಂದು ತಲೆತಗ್ಗಿಸಿ ಕಾದೆ.

“ನಾನು ಸ್ವಲ್ಪ ಹೊತ್ತು ನೋಡ್ದೆ ಕಣೋ” ಅಂದಳು. “ಯಾವಾಗ್ಲೂ ಕಟ್ಟಾಗುತ್ತಲ್ಲ ಅಂತ ಬಟ್ಟೆ ಒಗೆಯೋಕೆ ಹೋದೆ. ಅತ್ತಿಗೆಗೆ ಒಂದು ಫೋನ್ ಮಾಡ್ಬಹುದಿತ್ತು.”

ಅತ್ತಿಗೆ ಊಟಕ್ಕೆ ಕರೆದರು. ಇಬ್ಬರೂ ಏಳಲಿಲ್ಲ.