ಶಾಲೆಯ ದಾರಿಗೊಂದು ಹೇಳಿಕೆ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಗಂಡ ಹೇಳುವುದುಂಟು. ಸುಳ್ಳಲ್ಲ. ರವಿಕೆಯ ತೋಳು ಸರಿಯಾಗಲಿಲ್ಲ ಎಂದು ಮುಖ ಸಿಂಡರಿಸಿದ ಗಿರಾಕಿಯ ಕೈಗೆ ಅಳತೆ ಟೇಪು ಕೊಟ್ಟು, "ಹಾಗಾದರೆ ನೀವೇ ಹೊಲಿಯಿರಿ" ಎಂದವಳು ನಾನು. ಆದರೆ ಆ ವರ್ಷ ನನ್ನ ಸಿಟ್ಟಿಗೆ ಬೇರೆಯೇ ಕಾರಣವಿತ್ತು. ನನ್ನ ಮಗಳು ಕಷ್ಟಪಟ್ಟು ಕಲಿತ ನಡಿಗೆಯನ್ನು ಮರೆಯುತ್ತಿದ್ದಳು.

ಅವಳ ಎಡಗಾಲು ಹುಟ್ಟಿನಿಂದಲೇ ಸೋತದ್ದು. ಮಂಗಳೂರಿನಲ್ಲಿ ಆಪರೇಷನ್ ಆಗಿ, ಮೊಣಕಾಲಿನವರೆಗೆ ಪಟ್ಟಿ ಬಿಗಿಯುವ ಬೂಟು ಹಾಕಿಕೊಂಡು, ಗೋಡೆ ಹಿಡಿದು ಹಿಡಿದು ನಡೆಯಲು ಕಲಿತಿದ್ದಳು. ಆಗ ಮೂರನೇ ಕ್ಲಾಸು. ನಮ್ಮ ಮನೆ ಇರುವುದು ವಿಟ್ಲ ಪೇಟೆಯಿಂದ ಸ್ವಲ್ಪ ಹೊರಗೆ, ಒಂದು ಓಣಿಯಲ್ಲಿ. ಸರಕಾರಿ ಶಾಲೆ ಹತ್ತಿರವೇ. ಆದರೆ ಅಲ್ಲಿಗೆ ಹೋಗಬೇಕಾದದ್ದು ಪುತ್ತೂರಿನ ಬಸ್ಸುಗಳು ಹಾರಿಕೊಂಡು ಬರುವ ರಸ್ತೆಯಲ್ಲಿ. ನಡುವೆ ಒಂದು ಕುರುಡು ತಿರುವು. ಬಸ್ಸು ಬಂತೆಂದರೆ ಮಕ್ಕಳು ಓಡಿ ಪೊದೆಗೆ ಒರಗಿ ನಿಲ್ಲಬೇಕು. ನನ್ನ ಮಗಳು ಓಡುವುದು ಹೇಗೆ? ಒಂದು ಬೆಳಿಗ್ಗೆ ಬಸ್ಸಿನ ಮೈ ಅವಳ ಬೆನ್ನಚೀಲಕ್ಕೆ ತಾಗಿ, ಅವಳು ಚರಂಡಿಗೆ ಬಿದ್ದಳು. ತರಚು ಗಾಯ ಅಷ್ಟೇ. ಅವಳು ಮರುದಿನವೇ ಹೊರಟು ನಿಂತಳು, ಹೆದರಿದ್ದು ನಾನು.

ನನ್ನ ಗಂಡನೂ ಅದೇ ರಸ್ತೆಯಲ್ಲಿ ಬಸ್ಸು ಓಡಿಸುವವರು. "ನಾನು ಅಲ್ಲಿ ನಿಧಾನ ಬಿಡ್ತೇನೆ ಮಾರಾಯ್ತಿ. ಆದರೆ ಎಲ್ಲರಿಗೂ ಟೈಮಿಂಗ್ ಉಂಟಲ್ಲ" ಎಂದರು. ಆ ಟೈಮಿಂಗಿಗೆ ಬೆಂಕಿ ಬೀಳಲಿ ಎಂದು ಶಪಿಸಿ, ಅಂದಿನಿಂದ ನಾನೇ ಅವಳನ್ನು ಸ್ಕೂಟರಿನಲ್ಲಿ ಬಿಡತೊಡಗಿದೆ. ಗೇಟಿನಿಂದ ಗೇಟಿಗೆ, ಕಾಲು ನೆಲಕ್ಕೆ ತಾಗಿಸದೆ. ನನ್ನಷ್ಟು ಒಳ್ಳೆಯ ತಾಯಿ ಇಲ್ಲ ಎಂದೇ ಅಂದುಕೊಂಡಿದ್ದೆ.

ಮಳೆಗಾಲ ಮುಗಿಯುವಾಗ ಮಂಗಳೂರಿನ ಡಾಕ್ಟರು ಕಾಲು ಮುಟ್ಟಿ ನೋಡಿದರು. ಮೀನಖಂಡ ಕರಗಿತ್ತು. "ನೀವು ಸ್ಕೂಟರಿಗೆ ವ್ಯಾಯಾಮ ಕೊಡ್ತಾ ಇದ್ದೀರಿ, ಮಗುವಿಗಲ್ಲ" ಎಂದರು. ದಿನಾ ದೂರ ನಡೆಯಬೇಕು, ಯಾರೂ ಎತ್ತಬಾರದು, ಬೇಸಿಗೆಯೊಳಗೆ ಕಾಲಿಗೆ ಬಲ ಬಾರದಿದ್ದರೆ ಇನ್ನೊಮ್ಮೆ ಆಪರೇಷನ್. ಮಗಳು ನನ್ನ ಸೆರಗು ಹಿಡಿದು, "ಅಮ್ಮ, ಇನ್ನೊಮ್ಮೆ ಬೇಡ" ಎಂದಳು. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ನಾನು ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದೆ.

ದಾರಿ ತೋರಿಸಿದವಳು ಪಕ್ಕದ ಮನೆಯ ಬ್ಯಾರಿ ಗೆಳತಿ. ಗಂಡ ದುಬೈಯಲ್ಲಿ, ಎರಡು ಮಕ್ಕಳು ಅದೇ ಶಾಲೆಯಲ್ಲಿ, ಮಾವ ಮಸೀದಿ ಕಮಿಟಿಯ ಹಿರಿಯರು. "ರಸ್ತೆಗೆ ಯಾಕೆ ಹೋಗುವುದು? ನಮ್ಮ ಓಣಿಯ ಕೊನೆಯಲ್ಲಿ ದೊಡ್ಡಮನೆಯವರ ಹಡೀಲು ಗದ್ದೆ ಉಂಟು. ಅದರ ಬದಿ ಹಿಡಿದು ಹೋದರೆ ನಮ್ಮ ಮಸೀದಿಯ ಹಿತ್ತಿಲು. ಹಿತ್ತಿಲು ದಾಟಿದರೆ ಶಾಲೆಯ ಹಿಂದಿನ ಗೋಡೆ. ಗೋಡೆಗೊಂದು ಬಾಗಿಲು ಇಟ್ಟರೆ ಆಯ್ತಲ್ಲ!" ಎಂದಳು. ಬಿತ್ತನೆಯಿಲ್ಲದೆ ವರ್ಷಗಟ್ಟಲೆ ಹಡೀಲು ಬಿದ್ದ ಆ ಗದ್ದೆಯನ್ನು ನಾನು ದಿನಾ ನೋಡುತ್ತಿದ್ದೆ. ಅದರಾಚೆ ಶಾಲೆಯ ಹೆಂಚು ಕಾಣುತ್ತಿತ್ತು. ನನ್ನ ತಲೆಗೆ ಹೊಳೆದಿರಲಿಲ್ಲ.

ಕೆಲಸ ಸಲೀಸಾಗಿ ಸಾಗಿತು. ಗೆಳತಿಯ ಮಾವ ಕಮಿಟಿಯಲ್ಲಿ ಮಾತಾಡಿ ಹಿತ್ತಿಲಿನ ಬೇಲಿ ಬಿಚ್ಚಲು ಒಪ್ಪಿಸಿದರು. ಹೆಡ್‌ಮೇಡಂ ಶಾಲಾಭಿವೃದ್ಧಿ ಸಮಿತಿಯವರನ್ನು ಕೂರಿಸಿ ಗೋಡೆಗೆ ಸಣ್ಣ ಗೇಟು ಇಡುವುದೆಂದು ನಿರ್ಣಯ ಬರೆಸಿದರು. ಉಳಿದದ್ದು ದೊಡ್ಡಮನೆ. ಊರಿನ ಹಳೆಯ ಜೈನ ಮನೆತನ ಅದು. ಯಜಮಾನರು ಅಡಿಕೆ ವ್ಯಾಪಾರದ ಜೊತೆಗೆ ಬಸದಿಯ ಉಸ್ತುವಾರಿಯನ್ನೂ ನೋಡಿಕೊಳ್ಳುವವರು. ಪೇಟೆಯಲ್ಲಿ ಸಿಕ್ಕಾಗ ನನ್ನ ಗಂಡ ನಿಂತಲ್ಲೇ ವಿಷಯ ಹೇಳಿದರಂತೆ. "ಮಕ್ಕಳು ನಡೆಯುವುದಕ್ಕೆ ಬೇಡ ಎನ್ನುವವರು ಯಾರು?" ಎಂದರಂತೆ ಅವರು. ಮತ್ತೇನು ಬೇಕು! ನಾನು ಅಂದೇ ಮೊಬೈಲಿನಲ್ಲಿ 'ಮಕ್ಕಳ ದಾರಿ' ಎಂಬ ಗ್ರೂಪು ಮಾಡಿ, ಬರುವ ಆದಿತ್ಯವಾರ ಶ್ರಮದಾನ, ಹಾರೆ ಪಿಕ್ಕಾಸು ಬುಟ್ಟಿ ತನ್ನಿ ಎಂದು ಹಾಕಿ, ಕೆಳಗೆ ಮೂರು ಗುಲಾಬಿ ಹೂ ಇಟ್ಟೆ. ಯಜಮಾನರ ನಂಬರನ್ನೂ ಸೇರಿಸಿದೆ.

ಆದಿತ್ಯವಾರ ಬೆಳಿಗ್ಗೆ ಓಣಿ ತುಂಬ ಜನ. ಮಸೀದಿಯ ಕಡೆಯವರು, ಶಾಲೆಯ ಮಕ್ಕಳ ಅಪ್ಪಂದಿರು, ಬೀಡಿ ಕಟ್ಟುವ ಹೆಂಗಸರು, ರಿಕ್ಷಾ ನಿಲ್ದಾಣದವರು. ನನ್ನ ಮಗಳೂ ಹೊಸ ಸಾಕ್ಸು ಹಾಕಿ ತಯಾರಾಗಿದ್ದಳು. ಹೋಗಿ ನೋಡಿದರೆ ಗದ್ದೆಯ ಗೇಟಿಗೆ ಬೀಗ! ದನ ನುಗ್ಗದ ಹಾಗೆ ಹಗ್ಗ ಕಟ್ಟಿರುತ್ತಿದ್ದ ಗೇಟು ಅದು. ಅದಕ್ಕೆ ಬೀಗ ಬಿದ್ದದ್ದನ್ನು ನಾವು ಯಾರೂ ಕಂಡದ್ದಿಲ್ಲ.

ಯಜಮಾನರಿಗೆ ಫೋನು ಮಾಡಿದರೆ ಎತ್ತಲಿಲ್ಲ. ಗದ್ದೆಯ ಪಕ್ಕದಲ್ಲೇ ಇರುವ ದೊಡ್ಡಮನೆಯ ಅಂಗಳದಲ್ಲಿ ಜನ ಓಡಾಡುವುದು ಕಾಣುತ್ತಿತ್ತು. ಮಗಳು ಗೇಟಿನ ಸರಳು ಹಿಡಿದು, "ಅಮ್ಮ, ದಾರಿ ಇಲ್ಲವಾ?" ಎಂದಳು. ಅಷ್ಟೇ, ನನ್ನ ತಲೆ ಕೆಟ್ಟಿತು. "ದೊಡ್ಡಮನೆ ಎಂದರೆ ಗೇಟು ಮಾತ್ರ ದೊಡ್ಡದಾ? ಮಾತಿಗೆ ಬೆಲೆ ಇಲ್ಲವಾ? ಹುಲ್ಲು ಬೆಳೆಯುವ ಜಾಗದಲ್ಲಿ ಒಂದು ಮಗು ನಡೆದರೆ ಇವರ ಗಂಟೇನು ಹೋಗುತ್ತದೆ?" ಎಂದು ಬಾಯಿಗೆ ಬಂದದ್ದನ್ನೆಲ್ಲ ಕೂಗಿದೆ. ಅಂಗಳದಲ್ಲಿ ಓಡಾಡುತ್ತಿದ್ದವರು ನಿಂತು ಕೇಳಿದರು. ನಮ್ಮವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ತಂದಿದ್ದ ಚಹಾ ಕುಡಿದು, ಹಾರೆ ಹೆಗಲಿಗೇರಿಸಿ ಹೋದರು. ಮರುದಿನ ಮತ್ತೆ ಸ್ಕೂಟರು ಹೊರಗೆ ತೆಗೆದೆ.

ಸಂಜೆ ಗೆಳತಿ ಬಂದು ನನ್ನ ಹೊಲಿಗೆ ಮಿಷನಿನ ಎದುರು ಕೂತಳು. "ಒಂದು ಮಾತು ಕೇಳ್ತೇನೆ. ದೊಡ್ಡಮನೆಗೆ ಹೇಳಿಕೆ ಹೋದದ್ದು ಯಾರು?"

"ಗ್ರೂಪಲ್ಲಿ ಹಾಕಿದ್ದೆನಲ್ಲ."

ಅವಳು ಹಣೆ ಚಚ್ಚಿಕೊಂಡಳು. "ಎಂತ ಮಾರಾಯ್ತಿ ನೀನು! ಅವರ ಗದ್ದೆಗೆ ಊರಿಡೀ ಕರೆದು, ಅವರಿಗೆ ಮಾತ್ರ ಹೇಳಿಕೆ ಇಲ್ಲವಾ?"

ನಮ್ಮ ಕಡೆ ಮದುವೆಯಿರಲಿ, ಮನೆ ಒಕ್ಕಲಿರಲಿ, ಮನೆಗೆ ಹೋಗಿ, ಕೂತು, ಕೊಟ್ಟ ಬೆಲ್ಲ ನೀರು ಕುಡಿದು, ಆಮೇಲೆ ಬಾಯಿಬಿಟ್ಟು ಕರೆಯಬೇಕು. ಅದಕ್ಕೇ ಹೇಳಿಕೆ ಎನ್ನುವುದು. ಗೋಡೆಯಾಚೆಯ ಮನೆಯಾದರೂ ಸರಿ, ದಿನಾ ಮುಖ ನೋಡುವವರಾದರೂ ಸರಿ, ಪೇಟೆಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಇದು ನನಗೆ ಗೊತ್ತಿಲ್ಲದ್ದೇ? ಹಿಂದಿನ ವರ್ಷವಷ್ಟೇ ಮೂಡುಬಿದಿರೆಯಲ್ಲಿ ಚಿಕ್ಕಮ್ಮನ ಮಗಳ ಮದುವೆಗೆ ಮೊಬೈಲಿನಲ್ಲಿ ಕಾಗದದ ಫೋಟೋ ಕಳಿಸಿದರೆಂದು ಮುಖ ಊದಿಸಿ ಮನೆಯಲ್ಲೇ ಕೂತವಳು ನಾನು. "ನಾವೇನು ಬೀದಿಯಲ್ಲಿ ಸಿಕ್ಕವರಾ?" ಎಂದು ಚಿಕ್ಕಮ್ಮನಿಗೆ ಫೋನಿನಲ್ಲೇ ದಬಾಯಿಸಿದ್ದೆ. ಈಗ ನಾನು ಮಾಡಿದ್ದೂ ಅದನ್ನೇ, ಅದರ ಮೇಲೆ ಗೇಟಿನೆದುರು ನಿಂತು ಬೈದದ್ದು ಬೇರೆ. ನಾಚಿಕೆಯಿಂದ ಮೈಯೆಲ್ಲ ಬಿಸಿಯಾಯಿತು. ಸೂಜಿ ಬೆರಳಿಗೆ ಚುಚ್ಚಿದ್ದೂ ಗೊತ್ತಾಗಲಿಲ್ಲ.

ಬುಧವಾರ ಹೊರಟೆವು. ನಾನು, ಗೆಳತಿ, ಅವಳ ಮಾವ, ಹೆಡ್‌ಮೇಡಂ. ಮಗಳು ತಾನೂ ಬರುತ್ತೇನೆಂದು ಹಟ ಹಿಡಿದಳು. ದೊಡ್ಡಮನೆಯ ಅಂಗಳಕ್ಕೆ ಕಲ್ಲಿನ ಮೆಟ್ಟಿಲುಗಳಿವೆ. ನಾನು ಅಭ್ಯಾಸಬಲದಿಂದ ಅವಳ ಕಂಕುಳಿಗೆ ಕೈ ಹಾಕಿದೆ. ಅವಳು ಕೊಸರಿಕೊಂಡು, ಬದಿಯ ಗೋಡೆ ಹಿಡಿದು, ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲು ಇಟ್ಟು ಹತ್ತತೊಡಗಿದಳು. ಜಗಲಿಯಲ್ಲಿ ಕೂತಿದ್ದ ಯಜಮಾನರು ಎದ್ದು ನಿಂತರು. ಅವಳು ಮೇಲೆ ಬರುವವರೆಗೂ ನಿಂತೇ ಇದ್ದರು.

ಒಳಗಿನಿಂದ ಅವರ ಹೆಂಡತಿ ಬೆಲ್ಲ ನೀರು ತಂದರು. ಸೊಸೆಯರು ಬಾಗಿಲಲ್ಲಿ ನಿಂತರು. ನಾನು ಒಂದೇ ಗುಟುಕಿಗೆ ಕುಡಿದೆ.

"ಆದಿತ್ಯವಾರ ಗೇಟಿನಲ್ಲಿ ನೀವು ಹೇಳಿದ್ದು ನನಗೆ ಕೇಳಿತು" ಎಂದರು ಯಜಮಾನರು, ಪುಸ್ತಕ ಓದಿದ ಹಾಗೆ ನಿಧಾನವಾಗಿ.

"ಹೇಳಿದ್ದು ಹೌದು. ಸಿಟ್ಟಿನಲ್ಲಿ ಹೇಳಿದೆ. ಆದರೆ ಅದಕ್ಕೂ ಮೊದಲು, ಇಲ್ಲಿಗೆ ಬಂದು ಹೇಳದೆ ತಪ್ಪು ಮಾಡಿದೆ. ಎರಡೂ ನನ್ನ ತಪ್ಪೇ" ಎಂದೆ. ಜೀವಮಾನದಲ್ಲಿ ನಾನು ಅಷ್ಟು ನೆಟ್ಟಗೆ ಸೋತದ್ದಿಲ್ಲ. ಗೆಳತಿ ಕಣ್ಣರಳಿಸಿ ನನ್ನನ್ನೇ ನೋಡಿದಳು.

"ಜಾಗದ ಪ್ರಶ್ನೆ ಅಲ್ಲಮ್ಮ. ನಮ್ಮ ಗದ್ದೆಗೆ ಜನ ಹಾರೆ ಹಿಡಿದು ಬರ್ತಾರೆ ಎಂದು ನಮ್ಮ ಮನೆಯ ಹೆಂಗಸರಿಗೆ ಗೊತ್ತಾದದ್ದು ಹಾಲಿನವನಿಂದ. ನಮಗೆ ಹೇಗೆ ಕಂಡಿರಬಹುದು, ಹೇಳಿ? ಬೀಗ ಹಾಕಿಸಿದ್ದು ನಾನೇ. ಮಗುವಿನ ಸಂಗತಿ ನನಗೆ ತಿಳಿದಿರಲಿಲ್ಲ." ಅವರ ದೃಷ್ಟಿ ಮಗಳ ಬೂಟಿನ ಮೇಲಿತ್ತು.

ನಾನು ಕರೆಯಲು ಬಾಯಿ ತೆರೆಯುವಷ್ಟರಲ್ಲಿ ಮಗಳು ಕೈ ಮುಗಿದು ಎದ್ದಳು. ಮದುವೆ ಕಾಗದಗಳಲ್ಲಿ ಓದಿದ್ದನ್ನೆಲ್ಲ ಸೇರಿಸಿ, ಉಸಿರು ಬಿಡದೆ ಹೇಳಿದಳು: "ಬರುವ ಆದಿತ್ಯವಾರ ನನ್ನ ದಾರಿ ಉಂಟು. ನೀವು ಮನೆಯವರೆಲ್ಲ ಮುಂಚಿತವಾಗಿ ಬಂದು, ಕಾರ್ಯ ಸುಧಾರಿಸಿ ಕೊಟ್ಟು, ಊಟ ಮಾಡಿಯೇ ಹೋಗಬೇಕು."

ಯಜಮಾನರು ನಕ್ಕ ನಗೆಗೆ ಮಾಡಿನ ಪಾರಿವಾಳಗಳು ಹಾರಿದವು. "ಹೇಳಿಕೆ ಎಂದರೆ ಇದು!" ಎಂದರು. ಸೊಸೆಯರೂ ನಕ್ಕರು. ಗೆಳತಿಯ ಮಾವ ಮಾತ್ರ ಗಂಭೀರವಾಗಿ, "ಹಾಗಾದರೆ ಆದಿತ್ಯವಾರ ಆರೂವರೆಗೆ ಶುರು ಮಾಡುವ, ಬಿಸಿಲಾಗುವ ಮೊದಲು" ಎಂದರು.

ಆರೂವರೆಗೆ ನಾವು ಹೋಗುವಾಗ ಗೇಟು ಹಾರುಹೊಡೆದಿತ್ತು. ಯಜಮಾನರು ಲುಂಗಿ ಮೇಲೆ ಕಟ್ಟಿ, ತಲೆಗೆ ಬೈರಾಸು ಸುತ್ತಿ, ಪಿಕ್ಕಾಸು ಹಿಡಿದು ನಿಂತಿದ್ದರು. ಇಡೀ ಮನೆಯೇ ಗದ್ದೆಯಲ್ಲಿತ್ತು. ನಾವು ಕೇಳಿದ್ದು ಒಬ್ಬರು ನಡೆಯುವಷ್ಟು ಬದು. ಅವರು ಹಗ್ಗ ಕಟ್ಟಿ ಗುರುತು ಮಾಡಿಟ್ಟದ್ದು ಮೂರು ಮಕ್ಕಳು ಕೈ ಕೈ ಹಿಡಿದು ಸಾಲಾಗಿ ನಡೆಯುವಷ್ಟು ಅಗಲ. "ಒಬ್ಬೊಬ್ಬರೇ ಹೋಗುವುದಕ್ಕೆ ಅದೇನು ರೇಷನ್ ಅಂಗಡಿಯ ಕ್ಯೂವಾ?" ಎಂದರು.

ಗೆಳತಿಯ ಮಾವ ಪ್ರಾಯದಲ್ಲಿದ್ದಾಗ ಗಲ್ಫಿನ ರಸ್ತೆ ಕೆಲಸದ ಮೇಸ್ತ್ರಿಯಾಗಿದ್ದವರು. ನೀರು ತುಂಬಿದ ಟ್ಯೂಬು ಹಿಡಿದು ಮಟ್ಟ ನೋಡುತ್ತಾ ಇಡೀ ಗದ್ದೆಗೆ ಅವರೇ ರಾಜ. ಯಜಮಾನರು ಒಂದು ಕಡೆ ಮೆಟ್ಟಿಲು ಇಡುವ ಎಂದರೆ, ಇವರು, "ಮೆಟ್ಟಿಲು ಬೇಡ. ಆ ಮಗುವಿನ ಕಾಲಿಗೆ ಇಳಿಜಾರೇ ಆಗಬೇಕು. ಮಣ್ಣು ತೆಗಿಯಿರಿ" ಎಂದು ಗದರಿದರು. ದೊಡ್ಡಮನೆಯ ಯಜಮಾನರು ತುಟಿಪಿಟಕ್ಕೆನ್ನದೆ ಮಣ್ಣು ತೆಗೆದರು. ಕೆಂಪುಕಲ್ಲಿನ ಹುಡಿ ಹಾಸಿ, ನೀರು ಚಿಮುಕಿಸಿ, ಹೆಂಗಸರೆಲ್ಲ ಸಾಲಾಗಿ ನಿಂತು ತುಳಿದು ಗಟ್ಟಿ ಮಾಡಿದೆವು. ಮಸೀದಿಯಿಂದ ಚಹಾ, ಖಾರದ ಸಜ್ಜಿಗೆ, ಅವಲಕ್ಕಿ ಬಂತು. ಸಜ್ಜಿಗೆಯಲ್ಲಿ ನೀರುಳ್ಳಿ ಹುಡುಕಿದರೂ ಇರಲಿಲ್ಲ, ಜೈನರಿಗೆ ಆಗುವುದಿಲ್ಲವೆಂದು ಅವರೇ ಬಿಟ್ಟಿದ್ದರು. ಮಧ್ಯಾಹ್ನ ದೊಡ್ಡಮನೆಯ ಅಂಗಳದಲ್ಲಿ ಎಲ್ಲರಿಗೂ ಗಂಜಿ, ಮಾವಿನ ಮಿಡಿ ಉಪ್ಪಿನಕಾಯಿ. ಶಾಲೆಯ ಗೋಡೆಗೆ ಗೇಟು ಕೂರಿಸಿ ಚಿಲಕ ಎಳೆದಾಗ ಹೆಡ್‌ಮೇಡಂ ಮಕ್ಕಳಿಗಿಂತ ಮೊದಲು ಚಪ್ಪಾಳೆ ತಟ್ಟಿದರು. ನಾವು ಗೆದ್ದಿದ್ದೆವು! ಮೈಯೆಲ್ಲ ಕೆಂಪು ಹುಡಿ, ಅಂಗೈಯಲ್ಲಿ ಬೊಕ್ಕೆ. ನಾನು ಮತ್ತು ಗೆಳತಿ ಗದ್ದೆಯ ನಡುವೆ ಕೂತು ಹುಚ್ಚರ ಹಾಗೆ ನಕ್ಕೆವು.

ಸೋಮವಾರ ಬೆಳಿಗ್ಗೆ ನಾನೂ ಚಪ್ಪಲಿ ಹಾಕಿಕೊಂಡೆ. ಮಗಳು ಗದ್ದೆಯ ಗೇಟಿನಲ್ಲಿ ತಿರುಗಿ, "ನೀನು ಬರುವುದು ಬೇಡ" ಎಂದಳು.

"ಅರ್ಧದವರೆಗೆ ಬರ್ತೇನೆ."

"ಬೇಡ ಅಂದೆನಲ್ಲ!" ನನ್ನದೇ ಸಿಟ್ಟು, ನನ್ನದೇ ಮೂಗು.

ಗೆಳತಿಯ ಮಕ್ಕಳು ಓಡಿ ಮುಂದೆ ಹೋದರು. ಇವಳು ನಡೆದಳು, ಎಡಗಾಲು ಎಳೆದು, ನಿಂತು, ಮತ್ತೆ ಎಳೆದು. ಗದ್ದೆಯ ನಡುವೆ ಒಮ್ಮೆ ತಟ್ಟನೆ ಕಾಣದಾದಳು. ನಾನು ಓಡಲು ಹೆಜ್ಜೆ ಇಟ್ಟೆ. ದೊಡ್ಡಮನೆಯ ಅಂಗಳದಿಂದ ಯಜಮಾನರು ಕೈಯೆತ್ತಿ ನನ್ನನ್ನು ತಡೆದರು. ನಾನು ಗೇಟಿನ ಸರಳು ಹಿಡಿದು ನಿಂತೆ. ಸ್ವಲ್ಪ ಹೊತ್ತಿಗೆ ಹುಲ್ಲಿನ ಮೇಲೆ ಮೊದಲು ಬೆನ್ನಚೀಲ ಕಂಡಿತು, ಆಮೇಲೆ ಅವಳ ಎರಡು ಜಡೆ. ಹಿತ್ತಿಲು ದಾಟಿ, ಶಾಲೆಯ ಗೇಟು ತಳ್ಳಿ ಒಳಗೆ ಹೋದಳು. ಒಮ್ಮೆಯೂ ಹಿಂದಿರುಗಿ ನೋಡಲಿಲ್ಲ.

ಸಂಜೆ ಅದೇ ದಾರಿಯಲ್ಲಿ ಬಂದಳು. ಎರಡೂ ಮೊಣಕಾಲಿಗೆ ಕೆಂಪು ಮಣ್ಣು, ಮುಖದಲ್ಲಿ ಬಹುಮಾನ ಗೆದ್ದವರ ಜಂಬ. ಓಣಿಗೆಲ್ಲ ಕೇಳುವ ಹಾಗೆ ಕೂಗಿದಳು: "ಅಮ್ಮಾ, ನಾನು ಎರಡು ಸಲ ಬಿದ್ದೆ! ಯಾರೂ ಎತ್ತಲಿಲ್ಲ!"

ನಾನು ಅಲ್ಲೇ ನಿಂತು ಜೋರಾಗಿ ಅತ್ತೆ. ನೋಡುವವರು ನೋಡಲಿ ಎಂದು. ಗೆಳತಿ ಕಾಲು ತೊಳೆಸಲು ಚೊಂಬು ನೀರು ತಂದಳು. ಬೇಡ ಎಂದೆ. ಮಗಳ ಅಪ್ಪ ಕೊನೆಯ ಟ್ರಿಪ್ಪು ಮುಗಿಸಿ ಬರಲಿ, ಆ ಮಣ್ಣನ್ನು ಅವರೂ ನೋಡಲಿ.