ಅನುಮಾನದ ಕಿವಿ

ಮೇಷ್ಟ್ರ ಎಡಗಿವಿಯ ಹಾಲೆ ಸದಾ ಕೆಂಪಗಿರುತ್ತಿತ್ತು. ಅನುಮಾನ ಬಂದಾಗಲೆಲ್ಲ ಅದನ್ನು ಹಿಂಡಿಕೊಳ್ಳುವುದು ಅವರ ಅಭ್ಯಾಸ. ಅನುಮಾನ ಬಾರದ ದಿನವನ್ನು ನಾನಂತೂ ನೋಡಲಿಲ್ಲ.

ಸಂಜಯನಗರದ ಅವರ ಮಹಡಿ ಕೋಣೆಯಲ್ಲಿ ನಾಲ್ಕು ವರ್ಷ ಕೂತು, ಅವರು ಹಾಡಿದ್ದನ್ನೆಲ್ಲ ಸ್ವರಲಿಪಿಗೆ ಇಳಿಸಿದ್ದೇನೆ. ನೃತ್ಯಶಾಲೆಯೊಂದರಲ್ಲಿ ಹಾರ್ಮೋನಿಯಂ ನುಡಿಸುತ್ತ ಶುರು ಮಾಡಿ, ಆಮೇಲೆ ಸಿನಿಮಾಗಳಿಗೆ ಸಂಗೀತ ಕೊಟ್ಟವರು. "ಸಿನಿಮಾ ಮನೆ ಕಟ್ಟಿಸ್ತು ಕಣಮ್ಮ, ಡ್ಯಾನ್ಸು ಜಗಳ ಕಲಿಸ್ತು" ಎನ್ನುತ್ತಿದ್ದರು. ಆದರೂ ನೃತ್ಯರೂಪಕವೆಂದರೆ ಸಿನಿಮಾದವರನ್ನು ತಿಂಗಳುಗಟ್ಟಲೆ ಕಾಯಿಸುತ್ತಿದ್ದರು.

ತಾಲೀಮಿಗೆ ಮುಂಚೆ ಫ್ಯಾನು, ಶ್ರುತಿಪೆಟ್ಟಿಗೆ ಎಲ್ಲ ಆರಿಸಿ, ಖಾಲಿ ಸಭಾಂಗಣವನ್ನು ಎರಡು ನಿಮಿಷ ಆಲಿಸುವುದು ಅವರ ಕ್ರಮ. ಯಾವ ಸದ್ದು ತಮ್ಮ ಶ್ರುತಿಗೆ ಅಡ್ಡ ಬರುತ್ತದೆಂದು ಅವರಿಗೆ ಮೊದಲೇ ತಿಳಿಯಬೇಕು. "ಸುಮ್ನಿರು ಮಚ್ಚಾ, ಗುರುಗಳು ಗೋಡೆನ ವಿಚಾರಿಸ್ಕೊತಿದಾರೆ" ಎಂದು ಮೃದಂಗದವನು ಕೊಳಲಿನವನಿಗೆ ಪಿಸುಗುಟ್ಟುತ್ತಿದ್ದ.

ಅಂದು ಯಲಹಂಕದ ಒಂದು ಸಭಾಂಗಣದಲ್ಲಿ ಕೊನೆಯ ತಾಲೀಮು. ಮೇಷ್ಟ್ರ ತಿಲ್ಲಾನವನ್ನು ಅರ್ಧಕ್ಕೆ ಇಳಿಸಬೇಕೆಂದು ನೃತ್ಯದ ಟೀಚರು ಹಿಂದಿನ ದಿನವಷ್ಟೇ ಹೇಳಿದ್ದರು. ಎರಡು ನಿಮಿಷ ಮುಗಿದಾಗ ಮೇಷ್ಟ್ರು ಕಿವಿ ಹಿಂಡಿಕೊಂಡರು.

"ಮೇಲೆ ಏನೋ ಕಿರ್ ಅಂತಿದೆ. ಎಲ್ರೂ ಇಳೀರಿ."

"ನಿನ್ನೆ ತಾನೇ ಚೆಕ್ ಮಾಡಿದೀವಿ ಸಾರ್" ಎಂದ ಸಭಾಂಗಣದವನು.

"ನಿನ್ನೆ ಬಿಗಿ ಇತ್ತು ಅಂತ ಇವತ್ತೂ ಇರುತ್ತೇನ್ರೀ?"

ವೇದಿಕೆಯ ಮೇಲಿದ್ದ ನೃತ್ಯದ ಹುಡುಗಿಯರು ಗೊಣಗುತ್ತ ಇಳಿದರು. ವಾದ್ಯದವರಿಗೆ ಸ್ವರಲಿಪಿ ಹಂಚಲು ಮೇಲೆ ಹೋಗಿದ್ದ ನಾನು ಇಳಿಯಲಿಲ್ಲ. ತಿಲ್ಲಾನದ ಸಿಟ್ಟನ್ನು ಹೀಗೆ ತೀರಿಸಿಕೊಳ್ಳುತ್ತಿದ್ದಾರೆ ಎಂದೇ ನಂಬಿದ್ದೆ. ವೇದಿಕೆಯ ನಡುವೆ ನಿಂತು, "ತಾಲೀಮು ನಿಲ್ಸೋಕೆ ನೆಪ ಹುಡುಕ್ತಿದೀರಾ ಸಾರ್?" ಎಂದೆ.

ಅವರು ದಡದಡನೆ ಮೆಟ್ಟಿಲೇರಿ ಬಂದು ನನ್ನ ತೋಳು ಹಿಡಿದು ಎಳೆದರು. ಇಬ್ಬರೂ ಪಕ್ಕದ ಪರದೆಯೊಳಗೆ ಬಿದ್ದೆವು. ದೀಪಗಳನ್ನು ಕಟ್ಟಿದ್ದ ಕಬ್ಬಿಣದ ಪೈಪು ಕಳಚಿ, ನಾನು ನಿಂತಿದ್ದ ಜಾಗದಲ್ಲಿ ಹಲಗೆ ಸೀಳಿತು.

ಮೊಣಕೈಯ ರಕ್ತ ಒರೆಸಿಕೊಳ್ಳುತ್ತ ಅವರೆಂದರು: "ನಾನು ಕಬ್ಬಿಣದ ಮೇಲೆ ಅನುಮಾನಪಟ್ಟೆ, ನೀನು ನನ್ ಮೇಲೆ. ನಿಂದೇ ಜೋರು ಕಣಮ್ಮ."

ಕರವಸ್ತ್ರಕ್ಕೆಂದು ಅವರ ಚೀಲಕ್ಕೆ ಕೈಹಾಕಿದಾಗ ಒಂದು ಹಾಳೆ ಸಿಕ್ಕಿತು. ಟೀಚರು ಕೇಳಿದಂತೆಯೇ ಅರ್ಧಕ್ಕಿಳಿಸಿದ ತಿಲ್ಲಾನ, ಅವರದೇ ಕೈಬರಹದಲ್ಲಿ.

ಕಳೆದ ವರ್ಷ ಮೇಷ್ಟ್ರು ತೀರಿಕೊಂಡರು. ವೇದಿಕೆಯ ಮೇಲಿನ ಆ ಗಳಿಗೆಯನ್ನು ನಾನಿನ್ನೂ ಮನಸ್ಸಿನಲ್ಲಿ ಮತ್ತೆ ಮತ್ತೆ ನಡೆಸಿ ನೋಡುತ್ತಿರುತ್ತೇನೆ. ನೆಪ ಎಂದ ನನಗೆ ಉತ್ತರ ಕೊಡಲು ಅವರು ಒಂದು ಮಾತಿನಷ್ಟು ಹೊತ್ತು ನಿಂತಿದ್ದರೂ ಸಾಕಿತ್ತು, ಇದನ್ನು ಬರೆಯಲು ನಾನಿರುತ್ತಿರಲಿಲ್ಲ.