ಕೋಬಾಲ್ ಕಲಿತ ಸಾಯಬಣ್ಣ
ಶಹಾಬಾದಿನ ಕಾರ್ಖಾನೆಯ ಹಾಜರಿ ಗುಮಾಸ್ತ ಸಾಯಬಣ್ಣ ಹಟ ಹಿಡಿದು ಕೋಬಾಲ್ ಕಲಿತಿದ್ದ. ವ್ಯಾಪಾರದ ಲೆಕ್ಕಕ್ಕೆಂದೇ ೧೯೫೯ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆ ಕಂಪ್ಯೂಟರ್ ಭಾಷೆ ಸರಳ ಇಂಗ್ಲಿಷ್ ವಾಕ್ಯದಂತಿದ್ದುದರಿಂದ ಮ್ಯಾಟ್ರಿಕ್ ಓದಿದವನಿಗೂ ದಕ್ಕಿತು. ಕಾರ್ಮಿಕರ ಪಗಾರದ ಲೆಕ್ಕವೆಲ್ಲ ಅವನು ಕೋಬಾಲಿನಲ್ಲಿ ಬರೆದು ಕಂಪ್ಯೂಟರಿಗೆ ಉಣಿಸುತ್ತಿದ್ದ ತೂತಿನ ಕಾರ್ಡುಗಳಿಂದಲೇ ನಡೆಯುತ್ತಿತ್ತು.

೧೯೮೦ರ ಸುಮಾರಿಗೆ ಹೊಸ ಕಂಪ್ಯೂಟರ್ ಬಂತು. ಅಷ್ಟರಲ್ಲಿ ಕೋಬಾಲ್ ಭಾಷೆಗೂ ತಿದ್ದುಪಡಿಯಾಗಿತ್ತು. ಅವನ ಹಳೆಯ ಕಾರ್ಡು ಅದರಲ್ಲಿ ನಡೆಯಲಿಲ್ಲ.

“ನಿಮ್ಮ ಕೋಬಾಲ್ ಮುದುಕಿ ಆಗ್ಯಾಳ್ರಿ ಸಾಯಬಣ್ಣ. ಹೊಸಾದು ಕಲೀರಿ, ಇಲ್ಲಾಂದ್ರ ಗಣಿ ಗೇಟು ಕಾಯಾಕ ಹೋಗಬೇಕಾಗ್ತದ,” ಎಂದರು ಅಧಿಕಾರಿ ಅಬ್ದುಲ್ ಕರೀಮ್.

“ಮುದುಕಿ ಆದಳಂತ ಮನಿ ಬಿಡಸ್ತಾರೇನ್ರಿ ಸಾಹೇಬ್ರ? ನಾ ಕಲಿಯಾಂವಲ್ಲ.”

ಬಿಗುಮಾನ ಅವನನ್ನು ಕಾರ್ಖಾನೆಯ ಕಲ್ಲುಗಣಿಯ ಗೇಟಿಗೆ ತಂದು ನಿಲ್ಲಿಸಿತು. ಕಲ್ಲಿನ ಲಾರಿಗಳಿಗೆ ಗೇಟಿನ ಅಡ್ಡಸರಪಳಿ ಇಳಿಸುತ್ತ, ಧೂಳು ನುಂಗುತ್ತ, ನಿವೃತ್ತಿಯವರೆಗೂ ಅವನು ಕೋಬಾಲಿನ ಹೆಸರೆತ್ತಲಿಲ್ಲ.